ಸಂಪಾದಕರ ಉತ್ತರ: ಮೂರನೆಯ ಗಂಟೆಯ ನೀರು ಎಲ್ಲಿ ಹೋಯಿತು?

ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: “ಎರಡು ಎಕರೆ ಟೊಮೆಟೊಗೆ ಹನಿ ನೀರಾವರಿ ಮಾಡಿಸಿದ್ದೇನೆ. ಮೊದಲು ದಿನಕ್ಕೆ ಎರಡು ಗಂಟೆ ನೀರು ಸಾಕಾಗುತ್ತಿತ್ತು. ಈಗ ಮೂರು ಗಂಟೆ ಬಿಟ್ಟರೂ ಮಧ್ಯಾಹ್ನ ಗಿಡ ಬಾಡುತ್ತದೆ. ಇದು ಹವಾಮಾನ ಬದಲಾವಣೆಯೇ? ನಮ್ಮ ತಂದೆ ಮಳೆಯನ್ನೇ ನಂಬಿ ರಾಗಿ ಬೆಳೆದರು. ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸೋಣವೆಂದು ಮಗ ಹಟ ಹಿಡಿದಿದ್ದಾನೆ.”

ಮಾನ್ಯರೇ,

ಕೊರೆಸುವ ಸಾಲ ಇನ್ನೂ ಮಾಡಿಲ್ಲವೆಂದು ತಿಳಿದು ನೆಮ್ಮದಿಯಾಯಿತು. ದಯವಿಟ್ಟು ಒಂದು ವಾರ ತಡೆಯಿರಿ.

ಮೊದಲು ಒಂದು ಸಣ್ಣ ಕೆಲಸ. ಬೆಳಿಗ್ಗೆ ಮೋಟಾರ್ ಹಾಕಿದಾಗ ಸಾಲಿನ ತಲೆಯಲ್ಲೊಂದು, ಕೊನೆಯಲ್ಲೊಂದು ಲೋಟವಿಟ್ಟು ಹತ್ತು ನಿಮಿಷ ನೀರು ಹಿಡಿಯಿರಿ. ನಮ್ಮ ಸೀಮೆಯ ಆಳದ ನೀರು ಗಡಸು. ಉಪ್ಪು ಕಟ್ಟಿ ಹನಿ ಬೀಳುವ ರಂಧ್ರಗಳನ್ನು ಮುಚ್ಚುತ್ತದೆ. ಎರಡು ಲೋಟಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ನಿಮ್ಮ ಮೂರನೆಯ ಗಂಟೆಯನ್ನು ನುಂಗಿದ್ದು ಪೈಪು. ಹವಾಮಾನ ಬದಲಾವಣೆಯಿಂದ ಏರಿದ ಕಾವೊಂದೇ ಬೆಳೆಯ ನೀರಿನ ಅಗತ್ಯವನ್ನು ಒಂದೂವರೆ ಪಟ್ಟು ಮಾಡಲಾರದು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ನಮ್ಮ ಕೈಯಲ್ಲಿ ಸರಿಹೋಗುವುದೂ ಹಾಗೆಯೇ ಉಳಿದುಬಿಡುತ್ತದೆ.

ಹಾಗೆಂದು ನಿಮ್ಮ ಅನುಮಾನ ಸುಳ್ಳಲ್ಲ. ಬೇರು ಹೀರುವ ನೀರಿನ ಬಹುಪಾಲನ್ನು ಗಿಡ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದು ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಗಾಳಿಗೆ ಸೇರುತ್ತದೆ. ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ಆವಿ ಶೇ 6ರಿಂದ 7ರಷ್ಟು ಹೆಚ್ಚುತ್ತದೆ. ಬೆಳೆಯ ಅಗತ್ಯ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಬಿಸಿಲು ಮತ್ತು ಗಾಳಿಯ ವೇಗವೂ ಲೆಕ್ಕಕ್ಕೆ ಬರುತ್ತವೆ. ಆದರೂ ಗಾಳಿ ಎಲೆಯಿಂದ ನೀರನ್ನು ಎಳೆಯುವುದು ಹೆಚ್ಚುವುದಂತೂ ನಿಜ. ಎಕರೆಯ ಮೇಲೆ 1 ಮಿ.ಮೀ. ನೀರೆಂದರೆ ಸುಮಾರು 4,000 ಲೀಟರ್. ನೆಲ ಮುಚ್ಚುವಂತೆ ಬೆಳೆದ ನಿಮ್ಮ ತೋಟ ದಿನಕ್ಕೆ ಅರ್ಧ ಮಿ.ಮೀ. ಹೆಚ್ಚು ಕೇಳಿದರೂ ಎರಡು ಎಕರೆಗೆ 4,000 ಲೀಟರ್ ಹೆಚ್ಚುವರಿಯಾಯಿತು. ಅಂತರ್ಜಲವನ್ನು ಮಿತಿಮೀರಿ ಎತ್ತಿರುವ ಕೋಲಾರದಲ್ಲಿ ಅದು ಸಣ್ಣ ಮಾತಲ್ಲ.

ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡರೆ, ಬುಡದ ಮಣ್ಣು ಗೇಣು ಆಳದಲ್ಲಿ ತೇವವಾಗಿದ್ದರೆ, ಇನ್ನಷ್ಟು ನೀರು ಬಿಡಬೇಡಿ. ಎಲೆಯಿಂದ ನೀರು ಆವಿಯಾಗುವಷ್ಟು ವೇಗವಾಗಿ ಬೇರು ಅದನ್ನು ಒದಗಿಸಲಾರದ ಹೊತ್ತು ಅದು. ಇನ್ನು ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಿದ್ದರೆ ಟೊಮೆಟೊ ಹೂವು ಉದುರುತ್ತದೆ. ಆ ನಷ್ಟವನ್ನು ಕೊಳವೆಬಾವಿ ತುಂಬಿಕೊಡದು. ಏಪ್ರಿಲ್ ಬಿಸಿಲಿಗೆ ಹೂವು ಸಿಕ್ಕದಂತೆ ನಾಟಿಯ ದಿನವನ್ನು ಹೊಂದಿಸಿಕೊಳ್ಳುವುದೇ ದಾರಿ.

ನಿಮ್ಮ ತಂದೆಯವರ ರಾಗಿಯ ವಿಷಯ ನನ್ನನ್ನು ಹೆಚ್ಚು ಕಾಡಿತು. ರಾಗಿಗೆ 350–400 ಮಿ.ಮೀ. ನೀರು ಸಾಕು. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಕಾಗದದ ಮೇಲೆ ಕೊರತೆಯೇ ಇಲ್ಲ! ಆದರೆ ಒಂದು ಅಡಿ ಆಳದ ನಮ್ಮ ಕೆಂಪು ಮಣ್ಣು ಬೆಳೆಗೆ ಕೊಡಬಲ್ಲ ತೇವ ಮೂವತ್ತರಿಂದ ನಲವತ್ತು ಮಿ.ಮೀ. ಮಾತ್ರ. ಒಂದೇ ರಾತ್ರಿ ನೂರು ಮಿ.ಮೀ. ಸುರಿದರೂ ಅದಕ್ಕಿಂತ ಹೆಚ್ಚನ್ನು ಆ ಪದರ ಹಿಡಿಯದು. ದಿನಕ್ಕೆ 5 ಮಿ.ಮೀ. ಖರ್ಚಾದರೆ ಆ ತೇವ ಆರರಿಂದ ಎಂಟು ದಿನ ಬರುತ್ತದೆ, 6 ಆದರೆ ಐದಾರು ದಿನ. ಕಾವು ಏರಿದಂತೆ ಎರಡು ಮಳೆಗಳ ನಡುವೆ ಬೆಳೆ ತಾಳಿಕೊಳ್ಳುವ ದಿನಗಳೇ ಕಡಿಮೆಯಾಗುತ್ತವೆ. ತೆನೆ ಹೊರಡುವ ಹೊತ್ತಿನಲ್ಲಿ ಆ ಒಂದೆರಡು ದಿನವೇ ಇಳುವರಿಯನ್ನು ತೀರ್ಮಾನಿಸಿಬಿಡಬಹುದು. ಮಳೆಯೂ ಹದ ತಪ್ಪಿದೆ: 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿ ತೆನೆಯಲ್ಲೇ ಮೊಳಕೆಯೊಡೆಯಿತು, 2023ರಲ್ಲಿ ಬರ. ಎರಡು ವರ್ಷಗಳನ್ನಷ್ಟೇ ಹಿಡಿದು ಹವಾಮಾನವೇ ಬದಲಾಯಿತೆನ್ನಲಾಗದು; ಆದರೆ ಮಳೆ ಸುರಿದರೆ ಜೋರಾಗಿ ಸುರಿಯುವುದು, ನಡುವೆ ಒಣ ದಿನಗಳು ಬರುವುದು ಕಾವೇರಿದ ಲೋಕದಲ್ಲಿ ಹೆಚ್ಚುವ ಲಕ್ಷಣಗಳೇ.

ಆದ್ದರಿಂದ ನನ್ನ ಸಲಹೆ, ಕೊರೆಸುವ ಹಣದಲ್ಲಿ ಸ್ವಲ್ಪವನ್ನು ಮಣ್ಣಿಗೆ ಹಾಕಿ. ಕೊಟ್ಟಿಗೆ ಗೊಬ್ಬರ, ಇಳಿಜಾರಿಗೆ ಅಡ್ಡ ಬದು, ಟೊಮೆಟೊ ಬುಡಕ್ಕೆ ಹುಲ್ಲಿನ ಇಲ್ಲವೇ ಶೀಟಿನ ಹೊದಿಕೆ. ಎರಡು ಎಕರೆಯ ಟೊಮೆಟೊವನ್ನು ಒಂದೂವರೆಗೆ ಇಳಿಸಿ, ಉಳಿದ ಅರ್ಧ ಎಕರೆಯಲ್ಲಿ ಅಕ್ಕಡಿ ಸಾಲಿನ (ಮುಖ್ಯ ಬೆಳೆಯ ನಡುನಡುವೆ ಬಿತ್ತುವ ಸಾಲು) ಅವರೆ, ತೊಗರಿಯೊಂದಿಗೆ ರಾಗಿ ಹಾಕಿ. ತೊಗರಿಯ ಬೇರು ರಾಗಿ ಮುಟ್ಟದ ಆಳದ ತೇವವನ್ನು ಹೀರುತ್ತದೆ. ಮಾರುಕಟ್ಟೆಯಲ್ಲಿ ಟೊಮೆಟೊ ಕೊಡುವಷ್ಟು ಹಣವನ್ನು ಆ ಅರ್ಧ ಎಕರೆ ಕೊಡದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಬಾವಿ ಇನ್ನೂ ಕೆಲವು ಬೇಸಿಗೆ ಕಾಣಬೇಕಲ್ಲವೇ?

ಲೋಟಗಳ ಅಳತೆಯನ್ನು ಬರೆದು ಕಳುಹಿಸಿ. ಅಳೆಯುವ ಕೆಲಸವನ್ನು ನಿಮ್ಮ ಮಗನಿಗೇ ಒಪ್ಪಿಸಿ.

— ಸಂಪಾದಕ