ಅಪ್ಪ ಅಮ್ಮ ಇಬ್ಬರೇ ಇರುವ ತೋಟದ ಮನೆಗೆ ರಾಟ್‌ವೀಲರ್ ತರಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನೀವಿರೋದು ಬೆಂಗಳೂರಲ್ಲಿ, ಹೊಸನಗರದ ಹತ್ತಿರ ಅಡಕೆ ತೋಟದ ಒಂಟಿ ಮನೆಯಲ್ಲಿ 70 ದಾಟಿದ ಅಪ್ಪ ಅಮ್ಮ ಇಬ್ಬರೇ. ಕಾವಲಿಗೆ ಒಂದು ರಾಟ್‌ವೀಲರ್ ನಾಯಿಮರಿ ತಂದು ಬಿಟ್ಟರೆ ಹೇಗೆ, ನಮ್ಮ ಮಳೆಗೆ ಅದು ಬಾಳುತ್ತಾ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು, 7 ವರ್ಷದಿಂದ ಒಂದನ್ನು ಸಾಕಿದ್ದೇನೆ. ಮಳೆಗೆ ಬಾಳುತ್ತದೆ. ಆದರೆ ನಿಮ್ಮ ಮನೆಗೆ ಬೇಡ ಅಂತಲೇ ನಾನು ಹೇಳೋದು.

ನಮ್ಮ ನಾಯಿಗೆ ಕಾಗದದಲ್ಲಿ ಮಾರುದ್ದದ ಜರ್ಮನ್ ಹೆಸರಿದೆ. ಅಮ್ಮ ಮೊದಲ ದಿನವೇ ಕರಿಯ ಅಂದಳು, ಅಲ್ಲಿಗೆ ಮುಗೀತು. ಈಗ 48 ಕೆಜಿ ಇದ್ದಾನೆ. ಗಂಡು ಅಂದರೆ ಭುಜದ ಹತ್ತಿರ 61ರಿಂದ 68 ಸೆಂ.ಮೀ. ಎತ್ತರ, 50 ಕೆಜಿ ಆಸುಪಾಸಿನ ತೂಕ. ಹೆಣ್ಣು ಸ್ವಲ್ಪ ಚಿಕ್ಕದು. ಎಲ್ಲರೂ ಇದನ್ನು ಕಚ್ಚೋ ನಾಯಿ ಅಂತಲೇ ತಿಳಿದಿದ್ದಾರೆ. ಮೂಲದಲ್ಲಿ ಇದು ದನ ಹೊಡೆಯುವ ನಾಯಿ. ಜರ್ಮನಿಯ ರಾಟ್‌ವೀಲ್ ಪಟ್ಟಣದ ಕಟುಕರು ದನಗಳನ್ನು ಸಂತೆಗೆ ಅಟ್ಟಿಕೊಂಡು ಹೋಗೋಕೆ, ಮಾಂಸದ ಗಾಡಿ ಎಳೆಸೋಕೆ ಸಾಕುತ್ತಿದ್ದರು. ರೈಲು ಬಂದು ದನ ಅಟ್ಟುವ ಕೆಲಸವೇ ನಿಂತಾಗ, 19ನೇ ಶತಮಾನದ ಕೊನೆಗೆ, ತಳಿಯೇ ಅಳಿಯುವ ಹಾಗಾಗಿತ್ತು. 1910ರಲ್ಲಿ ಅಲ್ಲಿನ ಪೊಲೀಸ್ ನಾಯಿಗಳ ಸಾಲಿಗೆ ಸೇರಿದ ಮೇಲೆ ಚೇತರಿಸಿಕೊಂಡಿತು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ದನ ಅಟ್ಟುವ ಆ ಬುದ್ಧಿ ಇವತ್ತಿಗೂ ಹೋಗಿಲ್ಲ. ಮೈ ಕೊಟ್ಟು ತಳ್ಳುತ್ತದೆ. ಸಂಜೆ ಕರು ಕೊಟ್ಟಿಗೆಗೆ ಬರದೆ ಅಂಗಳದಲ್ಲಿ ಆಟ ಆಡಿದರೆ ಕರಿಯ ಹೋಗಿ ಪಕ್ಕೆಗೆ ಪಕ್ಕೆ ಒತ್ತಿ ಬಾಗಿಲವರೆಗೂ ನೂಕಿಕೊಂಡು ಬರುತ್ತಾನೆ. ಯಾರೂ ಕಲಿಸಿದ್ದಲ್ಲ. ನೋಡೋಕೆ ಚಂದ. ಅದೇ ರೀತಿ ಪ್ರೀತಿ ಬಂದಾಗ ಮನುಷ್ಯರ ಕಾಲಿಗೂ ಪೂರ್ತಿ ಭಾರ ಹಾಕಿ ಒರಗುತ್ತಾನೆ. ಅವನಿಗೆ ಎರಡು ವರ್ಷವಿದ್ದಾಗ, ಮಳೆಗಾಲದ ಒಂದು ಬೆಳಗ್ಗೆ ಅಮ್ಮ ಅಕ್ಕಚ್ಚಿನ ಬಕೆಟ್ ಹಿಡಿದು ಪಾಚಿ ಕಟ್ಟಿದ ಅಂಗಳ ದಾಟುತ್ತಿದ್ದಳು. ಇವನು ಹಿಂದಿನಿಂದ ಬಂದು ಒರಗಿದ. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ನಾಯಿಯದು ಒಂದಿಷ್ಟೂ ತಪ್ಪಿಲ್ಲ. ನಿಮ್ಮ ಪ್ರಶ್ನೆಯಲ್ಲಿ 70 ದಾಟಿದವರು ಅಂತ ಕಂಡ ಕೂಡಲೇ ನನಗೆ ನೆನಪಾಗಿದ್ದು ಆ ಅಂಗಳ.

ಇನ್ನೊಂದು ವಿಷಯ ತೋಟಕ್ಕೆ ಬರೋ ಜನ. ಔಷಧಿ ಹೊಡೆಯೋರು, ಮರ ಹತ್ತಿ ಅಡಕೆ ಕೊನೆ (ಗೊನೆ) ತೆಗೆಯೋರು, ಸುಗ್ಗಿಯಲ್ಲಿ ಅಡಕೆ ಸುಲಿಯೋಕೆ ಕೂರುವ ಹತ್ತಾರು ಹೆಂಗಸರು ಎಲ್ಲರನ್ನೂ ಅದು ಒಪ್ಪಬೇಕಲ್ಲ? ಮರಿಯಾಗಿದ್ದಾಗಲೇ, ಮೂರು ನಾಲ್ಕು ತಿಂಗಳೊಳಗೆ, ನೂರೆಂಟು ಮುಖ, ಕೊಡೆ, ಬೈಕು, ಕತ್ತಿ, ಏಣಿ, ಮಕ್ಕಳು ಎಲ್ಲ ತೋರಿಸಿ ರೂಢಿ ಮಾಡಿಸಬೇಕು. ಆಮೇಲೂ ಎರಡು ವರ್ಷ ದಿನಾ ಪಾಠ. ಒಂಟಿ ಮನೆಯಲ್ಲಿ ಇಬ್ಬರ ಮುಖವನ್ನಷ್ಟೇ ನೋಡಿ ಬೆಳೆದ ರಾಟ್‌ವೀಲರ್‌ಗೆ ಮೂರನೆಯವರೆಲ್ಲ ಕಳ್ಳರೇ. ಆಗ ಕೊನೆಗಾರ ಬರೋದಿಲ್ಲ ಅಂತಾನೆ, ನಿಮ್ಮ ಅಪ್ಪ ಸರಪಳಿ ಹಾಕುತ್ತಾರೆ.

ಕಟ್ಟಿ ಹಾಕಿದರೆ ಅದು ಕಾವಲಲ್ಲ ಮಾರಾಯ್ರೆ, ಕುರ್ಕನಿಗೆ, ಅಂದರೆ ಚಿರತೆಗೆ, ಊಟ. ನಮ್ಮ ಕಡೆ ಚಿರತೆಗೆ ನಾಯಿ ಅಂದರೆ ಎಷ್ಟು ಆಸೆ ಅಂತ ನಿಮಗೆ ಹೇಳಬೇಕಿಲ್ಲ. 50 ಕೆಜಿಯ ನಾಯಿಯಾದರೂ ಸರಪಳಿಯಲ್ಲಿದ್ದರೆ ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ. ಕರಿಯ ಕತ್ತಲಾಗುತ್ತಲೇ ಒಳಗೆ. ಬಚ್ಚಲ ಒಲೆಯ ಪಕ್ಕ ಅವನ ಜಾಗ, ಗೊರಕೆ ಜಗುಲಿಗೆ ಕೇಳುತ್ತದೆ. ಜುಲೈಯಲ್ಲಿ ಅವನ ಮೈ ಒಣಗೋದು ಆ ಒಲೆಯ ಬಿಸಿಗೇ. ಮೇಲೆ ಗಿಡ್ಡ ಕೂದಲು ಕಂಡರೂ ಒಳಗೊಂದು ಪದರವಿದೆ, ಅದು ಹಸಿಯಾಗೇ ಉಳಿದರೆ ಚರ್ಮ ಕೆಂಪಾಗಿ ವಾಸನೆ ಬರುತ್ತದೆ. ಹೊರಗಿಂದ ಬಂದಾಗಲೆಲ್ಲ ಹಳೇ ಟವೆಲ್‌ನಲ್ಲಿ ಒರೆಸೋದು, ಕಿವಿ ನೋಡೋದು. ಇಂಬಳಕ್ಕೆ ಉಪ್ಪು ಸಾಕು. ಮೂಗಿನೊಳಗೆ ಹೊಕ್ಕು ಸೀನುವಾಗ ರಕ್ತ ಬಂದರೆ ಮಾತ್ರ ಡಾಕ್ಟರು.

ಮಳೆಗಿಂತ ನನಗೆ ಹೆದರಿಕೆ ಮಳೆ ನಿಂತ ಮೇಲೆ ಬರೋ ಉಣುಗಿನದು. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಜೋರಾಗುವುದೂ ಚಳಿಗಾಲದಿಂದ ಬೇಸಿಗೆಯವರೆಗೆ. ಕಾಡು ಸುತ್ತಿದ ನಾಯಿ ಮೈಮೇಲೆ ಉಣುಗು ಹೊತ್ತು ಸೀದಾ ಅಮ್ಮನ ಚಾಪೆಗೆ ತರುತ್ತದೆ. ನಾಯಿಗೆ ಬರುವ ಉಣುಗು ಜ್ವರ ಬೇರೆ: ಊಟ ಬಿಡುತ್ತದೆ, ವಸಡು ಬಿಳುಚುತ್ತದೆ, ಕೆಲವೊಮ್ಮೆ ಮೂಗಲ್ಲಿ ರಕ್ತ. ತಡಮಾಡಿದರೆ ಉಳಿಯೋದು ಕಷ್ಟ. ಡಾಕ್ಟರು ತೂಕ ನೋಡಿ ಬರೆದುಕೊಡುವ ಉಣುಗಿನ ಮಾತ್ರೆಯನ್ನು ತಪ್ಪಿಸಬೇಡಿ, ದಿನಾ ಬೆರಳ ಸಂದಿ, ಕಿವಿ, ಕೊರಳಪಟ್ಟಿಯ ಅಡಿ ತಡವಿ ನೋಡಿ. ಜ್ವರ ಅಂತ ಮನೆಯಲ್ಲಿರೋ ಪ್ಯಾರಾಸಿಟಮಾಲ್ ಕೊಡಲೇಬೇಡಿ, ನಾಯಿಗೆ ಅದು ವಿಷವಾಗಬಹುದು. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯುವ ದಿನ ನಾಯಿ ಒಳಗಿರಲಿ, ಮೈಲುತುತ್ತದ ನೀರು ನೆಕ್ಕಿದರೆ ಹೊಟ್ಟೆ ಕೆಡುವಲ್ಲಿಗೆ ನಿಲ್ಲೋದಿಲ್ಲ.

ಊಟದ ವಿಷಯದಲ್ಲಿ ನಮ್ಮ ಜನರದು ಒಂದೇ ತಪ್ಪು, ಮರಿಯನ್ನು ಬೇಗ ದೊಡ್ಡದು ಮಾಡೋದು. ಹಾಲು, ಮೊಟ್ಟೆ, ಮೇಲೆ ಕ್ಯಾಲ್ಸಿಯಂ ಬಾಟಲಿ. ಈ ತಳಿಗೆ ಸೊಂಟ, ಮೊಣಕೈ ಕೀಲಿನ ತೊಂದರೆ ರಕ್ತದಲ್ಲೇ ಇರುತ್ತದೆ. ಬೇಗ ತೂಕ ಬಂದಷ್ಟೂ, ಕ್ಯಾಲ್ಸಿಯಂ ಹೆಚ್ಚಾದಷ್ಟೂ ಮೂಳೆ ಕೆಡುತ್ತದೆ. ಪಕ್ಕೆಲುಬು ಕೈಗೆ ಸಿಗಬೇಕು, ಅಷ್ಟು ತೆಳ್ಳಗಿರಲಿ. ನಮ್ಮ ಮನೆಗಳ ನುಣುಪು ರೆಡ್ ಆಕ್ಸೈಡ್ ನೆಲ ಮರಿಯ ಕಾಲಿಗೆ ಶತ್ರು, ನಾನು ಒಂದು ವರ್ಷ ಜಗುಲಿ ತುಂಬ ಗೋಣಿಚೀಲ ಹಾಸಿದ್ದೆ. ಬರೀ ಮೊಸರನ್ನದಲ್ಲಿ ಈ ನಾಯಿ ಬೆಳೆಯೋದಿಲ್ಲ. ದಿನಕ್ಕೆ ಎರಡು ಹೊತ್ತು ಊಟ, ಉಂಡ ಮೇಲೆ ಒಂದು ತಾಸು ಓಟ ಬೇಡ. ಎದೆ ಆಳವಿರುವ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವುದುಂಟು. ವಾಂತಿಗೆ ಪ್ರಯತ್ನಿಸುತ್ತದೆ, ಏನೂ ಬರೋದಿಲ್ಲ, ಹೊಟ್ಟೆ ತಮಟೆಯ ಹಾಗೆ. ಆಗ ಕೈಯಲ್ಲಿರೋದು ಕೆಲವೇ ತಾಸು, ಆಪರೇಶನ್ನೇ ಆಗಬೇಕು. ನನಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು 60 ಕಿ.ಮೀ. ಜಡಿಮಳೆಯ ಅರ್ಧರಾತ್ರಿ ನಿಮ್ಮ ಅಪ್ಪ ಆ ನಾಯಿಯನ್ನು ಎತ್ತಿ ಕಾರಿಗೆ ಹಾಕೋಕೆ ಆಗುತ್ತಾ?

ಲಸಿಕೆ ಬಗ್ಗೆ ಎರಡೇ ಮಾತು: ಪಾರ್ವೊ ಅನ್ನೋ ವಾಂತಿ-ಭೇದಿಯ ವೈರಸ್ ರೋಗ ಈ ತಳಿಯ ಮರಿಗಳನ್ನು ಹೆಚ್ಚು ಕಾಡುತ್ತದೆ ಅಂತಾರೆ, ಹಾಗಾಗಿ 16 ವಾರದ ತನಕದ ಸೂಜಿ ಒಂದೂ ತಪ್ಪಬಾರದು; ಗದ್ದೆ ನೀರಿನ ಊರಾದ್ದರಿಂದ ರೇಬಿಸ್ ಜೊತೆಗೆ ಇಲಿಜ್ವರದ್ದೂ ವರ್ಷ ವರ್ಷ ಹಾಕಿಸಬೇಕು. ಕಾನೂನಿನದ್ದನ್ನೂ ಕೇಳಿದ್ದಿರಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತ್ತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು.

ನೀವೇ ಕೆಲಸ ಬಿಟ್ಟು ಊರಿಗೆ ಬಂದು ಕೂರುತ್ತೀರಾದರೆ ಮಾತು ಬೇರೆ. ಆಗ ಎಂಟು ವಾರ ತುಂಬದ ಮರಿಯನ್ನು ತರಬೇಡಿ, ತಾಯಿಯ ಸ್ವಭಾವ ಕಣ್ಣಾರೆ ನೋಡಿ, ತಂದೆ ತಾಯಿಯ ಸೊಂಟದ ಎಕ್ಸ್-ರೇ ಕೇಳಿ. ಮಾರುವವನು ನಕ್ಕರೆ ಅಲ್ಲಿಂದ ಎದ್ದು ಬನ್ನಿ.

ಇಲ್ಲದಿದ್ದರೆ ಊರಲ್ಲೇ ಯಾರದೋ ಕೊಟ್ಟಿಗೆಯಲ್ಲಿ ಹಾಕಿದ ಎರಡು ನಾಟಿ ಮರಿ ತನ್ನಿ. 15-20 ಕೆಜಿ ಮೀರೋದಿಲ್ಲ, ಗೇಟಿನ ಹತ್ತಿರ ಎಲೆ ಅಲ್ಲಾಡಿದರೂ ಬೊಗಳುತ್ತವೆ. ನಿಮಗೆ ಬೇಕಾಗಿರೋದು ಆ ಬೊಗಳುವ ಸದ್ದು, ಕಚ್ಚುವ ಹಲ್ಲಲ್ಲ. ಅವನ್ನೂ ರಾತ್ರಿ ಒಳಗೇ ಮಲಗಿಸಿ. ನಮ್ಮ ಅಮ್ಮ ಈಗ ಕರಿಯ ಹತ್ತಿರ ಬರುತ್ತಿದ್ದಾನೆ ಅಂದರೆ ಮೊದಲು ಜಗುಲಿ ಕಟ್ಟೆ ಮೇಲೆ ಕೂತುಕೊಳ್ಳುತ್ತಾಳೆ, ಆಮೇಲೆ ಬಾ ಅಂತಾಳೆ.