ಐ ಅಕ್ಷರ ಇದ್ದರೆ ಡೂಪ್ಲಿಕೇಟಾ?

ಪೆರ್ಲದ ಓದುಗರೊಬ್ಬರು ಬರೆದಿದ್ದಾರೆ: ‘ಅಜ್ಜನ ಪವನಿನ ಉಂಗುರ, ಅಂದರೆ ಬ್ರಿಟಿಷರ ಚಿನ್ನದ ನಾಣ್ಯ ಕೂರಿಸಿದ್ದು, ನನ್ನ ಪಾಲಿಗೆ ಬಂದಿದೆ. ಮೇಲೆ ಕುದುರೆ ಸವಾರ, 1918 ಅಂತ ಇಸವಿ, ಬೆರಳಿನ ಕಡೆಗೆ ಐದನೇ ಜಾರ್ಜನ ತಲೆ. ದುಬೈಯಿಂದ ರಜೆಯಲ್ಲಿ ಬಂದಿದ್ದ ದೊಡ್ಡಪ್ಪನ ಮಗ ಭೂತಗನ್ನಡಿ ಹಿಡಿದು ನೋಡಿದ. ಇಸವಿಯ ಮೇಲೆ ಇಂಗ್ಲಿಷಿನ ಐ ಅಕ್ಷರ ಇದೆ, ಲಂಡನ್ ಪವನಿಗೆ ಅದು ಇರುವುದಿಲ್ಲ, ಇದು ಡೂಪ್ಲಿಕೇಟ್ ಅಂದ. ಚಿನ್ನದಂಗಡಿಯ ಮೆಷಿನ್ ಶುದ್ಧ ಚಿನ್ನ ನೂರಕ್ಕೆ 86 ಅಂತ ತೋರಿಸಿತು. ಕರಗಿಸಿ ಹೊಸದು ಮಾಡಿಸಿ ಅಂದರು. ಈಗ ಹಾಕಿಕೊಳ್ಳಲು ನಾಚಿಕೆ. ಏನು ಮಾಡಲಿ?’

ಅಕ್ಕಾ, ಮೊದಲು ಆ ಉಂಗುರ ಬೆರಳಿಗೆ ಹಾಕಿ. ಆಮೇಲೆ ಮುಂದೆ ಓದಿ.

ನಿಮ್ಮ ದೊಡ್ಡಪ್ಪನ ಮಗ ಹೇಳಿದ್ದರಲ್ಲಿ ಒಂದು ಮಾತು ಸರಿ. ಲಂಡನ್ನಿನ ಪವನಿಗೆ ಅಕ್ಷರ ಇಲ್ಲ. ಆದರೆ 1918ರಲ್ಲಿ ಲಂಡನ್ನಿನಲ್ಲಿ ಪವನು ಅಚ್ಚಾಗಲೇ ಇಲ್ಲ! 1917ಕ್ಕೆ ನಿಂತದ್ದು, ಮತ್ತೆ ಶುರುವಾದದ್ದು 1925ರಲ್ಲಿ. ನಡುವಿನ ಪವನುಗಳೆಲ್ಲ ಹೊರಗಿನ ಟಂಕಸಾಲೆಗಳವು. ಆಸ್ಟ್ರೇಲಿಯಾದ್ದು ಇದೆ, ಕೆನಡಾದ್ದು ಇದೆ, ಮತ್ತೆ ನಮ್ಮ ಬೊಂಬಾಯಿಯದ್ದೂ ಇದೆ. ಯುದ್ಧದ ಕಾಲ, ಸಮುದ್ರದಲ್ಲಿ ಚಿನ್ನ ಸಾಗಿಸುವುದು ಅಪಾಯ. ಅದಕ್ಕೇ ಬೊಂಬಾಯಿಯಲ್ಲಿ ಲಂಡನ್ ಟಂಕಸಾಲೆಯ ಶಾಖೆ ತೆರೆದರು. ಸುಮಾರು 13 ಲಕ್ಷ ಪವನು ಹೊಡೆದು 1919ರಲ್ಲಿ ಮುಚ್ಚಿದರು. ಅಲ್ಲಿಯ ಪವನಿನಲ್ಲಿ 1918 ಬಿಟ್ಟು ಬೇರೆ ಇಸವಿ ಇಲ್ಲ. ಐ ಅಂದರೆ ಇಂಡಿಯಾ. ಯಾವ ಅಕ್ಷರವೂ ಇಲ್ಲದ 1918ರ ಪವನು ಸಿಕ್ಕಿದ್ದರೆ ನಿಮ್ಮ ತಮ್ಮ ಹೌಹಾರಬೇಕಿತ್ತು. ಇಲ್ಲಿ ಉಲ್ಟಾ ಆಗಿದೆ.

ಹಾಗಂತ ಐ ಕಂಡ ತಕ್ಷಣ ಅಸಲಿ ಅಂತ ನಾನೂ ಹೇಳುವುದಿಲ್ಲ. ನಕಲಿ ಮಾಡುವವನಿಗೆ ಒಂದು ಅಕ್ಷರ ಕೆತ್ತುವುದೇನು ಕಷ್ಟ? 1950-60ರ ದಶಕಗಳಲ್ಲಿ ಲೆಬನಾನಿನ ಬೇರೂತಿನ ಕಡೆ ಪವನಿನ ನಕಲು ರಾಶಿ ರಾಶಿ ತಯಾರಾಯಿತು. ತಮಾಷೆ ಏನು ಗೊತ್ತಾ? ಅದರಲ್ಲಿ ಎಷ್ಟೋ ನಾಣ್ಯಗಳ ಚಿನ್ನ ಒಳ್ಳೆಯದೇ. ಒಳಗಿನ ಚಿನ್ನಕ್ಕಿಂತ ರಾಜನ ಮುಖಕ್ಕೆ ಜಾಸ್ತಿ ಬೆಲೆ ಸಿಗುತ್ತಿತ್ತು, ಅಷ್ಟೇ. ನಾಣ್ಯ ರಾಜನದ್ದೋ ಅಲ್ಲವೋ ಎಂಬುದು ಬೇರೆ, ಚಿನ್ನ ಚಿನ್ನವೋ ಅಲ್ಲವೋ ಎಂಬುದು ಬೇರೆ. ನಿಮ್ಮ ಮನೆಯಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಇನ್ನು ಆ 86. ಪವನು ಅಂದರೆ 22 ಕ್ಯಾರೆಟ್, ನೂರಕ್ಕೆ 91.67. ತೂಕ 7.988 ಗ್ರಾಂ. ನಾವು ಲೆಕ್ಕಕ್ಕೆ ಎಂಟು ಗ್ರಾಂ ಅನ್ನುತ್ತೇವೆ. ಅಂಗಡಿಯ ಮೆಷಿನ್ ನೋಡುವುದು ಮೇಲ್ಮೈಯನ್ನು ಮಾತ್ರ, ಅದೂ ಕಿರಣ ಬಿದ್ದ ಒಂದು ಚುಕ್ಕೆಯನ್ನು. ನಾಣ್ಯವನ್ನು ಉಂಗುರಕ್ಕೆ ಕೂರಿಸುವಾಗ ಬೆಸುಗೆ ಹಾಕಿರುತ್ತಾರೆ. ಬೆಸುಗೆಯ ಚಿನ್ನ ಬೇಗ ಕರಗಲಿ ಅಂತ ಅದಕ್ಕೆ ಬೇರೆ ಲೋಹ ಜಾಸ್ತಿ ಸೇರಿಸಿರುತ್ತಾರೆ. ಕಿರಣ ಅಂಚಿನ ಹತ್ತಿರ ಬಿದ್ದರೆ 86 ಏನು, ಇನ್ನೂ ಕಡಿಮೆ ಬಂದೀತು. ನಾಣ್ಯದ ನಟ್ಟ ನಡುವೆ, ಕುದುರೆಯ ಹೊಟ್ಟೆಯ ಮೇಲೆ ಹಿಡಿಯಲು ಹೇಳಿದ್ದಿರಾ? ಕೇಳಿರಲಿಕ್ಕಿಲ್ಲ. ಎಸಿ ಅಂಗಡಿಯಲ್ಲಿ ನಮ್ಮ ಬಾಯಿ ಕಟ್ಟಿಹೋಗುತ್ತದೆ.

ನಮ್ಮೂರಿನ ಅಕ್ಕಸಾಲಿಗ ಆಚಾರ್ರ ಹತ್ತಿರ ಹಾಗಾಗುತ್ತಿರಲಿಲ್ಲ. ಅವರು ಒರೆಗಲ್ಲಿನ ಮೇಲೆ ಒಂದು ಗೆರೆ ನಮ್ಮ ಚಿನ್ನದ್ದು, ಪಕ್ಕದಲ್ಲೇ ಇನ್ನೊಂದು ಗೆರೆ ತಮ್ಮ ಮಾದರಿ ಕಡ್ಡಿಯದ್ದು ಎಳೆಯುತ್ತಿದ್ದರು. ಆಸಿಡ್ ಮುಟ್ಟಿಸಿ, ಕಲ್ಲನ್ನು ನಮ್ಮ ಕಡೆಗೇ ತಿರುಗಿಸಿ, ‘ನೀವೇ ನೋಡಿ’ ಅನ್ನುತ್ತಿದ್ದರು. ಒಮ್ಮೆ ನೆರೆಮನೆಯ ಅಜ್ಜಿಯ ಪವನಿನ ಸರ ಅವರ ಕೈಗೆ ಬಂತು. ಅದರಲ್ಲಿ ಒಂದು ಪವನು ಊರಲ್ಲೇ ಮಾಡಿದ್ದು, ಕುದುರೆ ಥೇಟ್ ಆಡಿನ ಹಾಗಿತ್ತು. ಆಚಾರ್ರು ನಕ್ಕು, ‘ಕುದುರೆ ಸುಳ್ಳು, ಚಿನ್ನ ಸತ್ಯ’ ಅಂದರು. ಅಜ್ಜಿ ಕೊನೆಯವರೆಗೂ ಅದನ್ನು ಹಾಕಿಕೊಂಡೇ ಮದುವೆಗಳಿಗೆ ಹೋದರು.

ಆ ಕಸುಬಿಗೆ ಏಟು ಕೊಟ್ಟವರು ಯಾರು? 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣ ಬಂತು. 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಬಾರದು ಅಂದರು. 14 ಕ್ಯಾರೆಟ್ ತಾಳಿ ಯಾರಿಗೆ ಬೇಕು? ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಒಲೆ ಆರಿತು. ಎಷ್ಟೋ ಮಂದಿ ಪ್ರಾಣ ಕಳಕೊಂಡರು. ಆ ನಿಯಮ ಆಮೇಲೆ ಸಡಿಲವಾಯಿತು, 1968ರ ಚಿನ್ನ ನಿಯಂತ್ರಣ ಕಾಯ್ದೆಯೂ 1990ರಲ್ಲಿ ಹೋಯಿತು. ಅಷ್ಟರಲ್ಲಿ ಆಚಾರ್ರ ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. ಈಗ ಗಾಜಿನ ಬಾಗಿಲಿನ ಅಂಗಡಿ, ಹಳೆ ಚಿನ್ನಕ್ಕೆ ಕಡಿತ, ಹೊಸ ಚಿನ್ನಕ್ಕೆ ಪಣಿಕೂಲಿ (ಒಡವೆ ಮಾಡಿದ ಕೂಲಿ), ಅದರ ಮೇಲೆ ವೇಸ್ಟೇಜ್. ಕನ್ನಡದಲ್ಲಿ ಒಂದು ಬಿಲ್ ಕೊಡಿ ಅಂದರೆ ಕಾಸರಗೋಡಿನಲ್ಲೇ ನಮ್ಮನ್ನು ಪರದೇಶಿಗಳ ಹಾಗೆ ನೋಡುತ್ತಾರೆ. ಕರಗಿಸಿ ಅಂತ ಅವರು ಸಲಹೆ ಕೊಡುವುದು ನಿಮ್ಮ ಮೇಲಿನ ಪ್ರೀತಿಗಲ್ಲ, ಅಲ್ವಾ?

ಈಗ ಕೆಲಸದ ಮಾತು. ಕರಗಿಸಬೇಡಿ. ಪಾಲಿಶ್ ಮಾಡಿಸಲೂ ಬೇಡಿ, ಐ ಅಕ್ಷರ ಬಹಳ ಸಣ್ಣದು, ಸವೆದುಹೋದೀತು. ಬೆಸುಗೆ ತಾಗಿದ ನಾಣ್ಯಕ್ಕೆ ಸಂಗ್ರಹಕಾರರು ಹೆಚ್ಚಿಗೆ ಕೊಡುವುದಿಲ್ಲ, ಆದ್ದರಿಂದ ಮಾರುವ ಆಸೆ ಬಿಡಿ. ರಾಜನ ಕತ್ತಿನ ಬುಡದಲ್ಲಿ ಬಿ.ಎಂ., ಕುದುರೆಯ ಕಡೆ ಬಲಕ್ಕೆ ಕೆಳಗೆ ಬಿ.ಪಿ. ಎಂಬ ಪುಟ್ಟ ಅಕ್ಷರಗಳು ಇವೆಯೇ ಎಂದು ತಮ್ಮನ ಭೂತಗನ್ನಡಿಯಲ್ಲೇ ನೋಡಿ. ಅಚ್ಚು ಕೆತ್ತಿದವರ ಗುರುತು ಅವು. ಬೆರಳಿಗೆ ತಾಗಿ ಸವೆದಿದ್ದರೂ ಇರಬಹುದು, ಗಾಬರಿ ಬೇಡ. ಆಮೇಲೆ ಒರೆಗಲ್ಲು ಇಟ್ಟುಕೊಂಡ ಆಚಾರ್ರೊಬ್ಬರಿಗೆ ತೋರಿಸಿ.

ಕುಂಬಳೆ, ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆ ಅಂಥವರು ಯಾರಾದರೂ ಇದ್ದರೆ ಓದುಗರು ಅವರನ್ನೇ ಕೇಳಿ, ಒಪ್ಪಿದರೆ ವಿಳಾಸ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಜಾಹೀರಾತಿನ ದುಡ್ಡು ಬೇಡ.

— ಸಂ.