ಯೂನಿಕ್ಸ್: ಹೆಸರಲ್ಲೇ ಇರುವ ಕೊಂಕು

'ಯೂನಿಕ್ಸ್ ಯಾವುದರ ಹ್ರಸ್ವರೂಪ, ಕೊನೆಯಲ್ಲಿ ಎಕ್ಸ್ ಯಾಕೆ?' ಅಂತ ಕೇಳಿದ್ದೀರಿ. ಯೂನಿಕ್ಸ್ ಒಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಹ್ರಸ್ವರೂಪ ಅನ್ನುವುದಕ್ಕಿಂತ ಅದೊಂದು ಗೇಲಿ.

1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ, ಜನರಲ್ ಎಲೆಕ್ಟ್ರಿಕ್ ಕಂಪನಿ ಮತ್ತು ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯ ಸೇರಿ 'ಮಲ್ಟಿಕ್ಸ್' ಎಂಬ ಭಾರೀ ಆಪರೇಟಿಂಗ್ ಸಿಸ್ಟಮ್ ಕಟ್ಟಲು ಹೊರಟಿದ್ದವು. ಕೆಲಸ ಎಳೆಯುತ್ತಲೇ ಹೋಯಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಕೈತೊಳೆದುಕೊಂಡಿತು. ಅಲ್ಲಿದ್ದ ಕೆನ್ ಥಾಂಪ್ಸನ್‌ಗೆ 'ಸ್ಪೇಸ್ ಟ್ರಾವೆಲ್' ಅಂತ ತಾನೇ ಬರೆದ ಆಟದ ಹುಚ್ಚು. ದೊಡ್ಡ ಯಂತ್ರದಲ್ಲಿ ಒಂದು ಆಟಕ್ಕೆ ಸುಮಾರು 75 ಡಾಲರ್ ಖರ್ಚು! ಹಾಗಾಗಿ ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಯಂತ್ರಕ್ಕೆ ಆಟವನ್ನು ಸಾಗಿಸಿದರು. ಅದೇ ಪುಟ್ಟ ಯಂತ್ರದ ಮೇಲೆ, ಸಹೋದ್ಯೋಗಿ ಡೆನ್ನಿಸ್ ರಿಚಿ ಮತ್ತಿತರರ ಜೊತೆ ಚರ್ಚಿಸಿದ್ದ ಫೈಲ್ ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ), ಆಮೇಲೆ ಶೆಲ್ (ಆದೇಶ ಪಡೆದು ನಡೆಸುವ ಪ್ರೋಗ್ರಾಂ), ಎಡಿಟರ್ (ಪಠ್ಯ ಬರೆದು ತಿದ್ದುವ ಪ್ರೋಗ್ರಾಂ), ಅಸೆಂಬ್ಲರ್ (ಪ್ರೋಗ್ರಾಂಗಳನ್ನು ಯಂತ್ರದ ಭಾಷೆಗೆ ಬದಲಿಸುವ ಸಾಧನ) ಎಲ್ಲ ಹುಟ್ಟಿದವು. ಇವೆಲ್ಲ ಸೇರಿಯೇ ಯೂನಿಕ್ಸ್ ಆದದ್ದು.

ಹೆಸರು ಬಂದದ್ದು ಮಾತ್ರ 1970ರಲ್ಲಿ. ರಿಚಿ ಬರೆದಿರುವಂತೆ ಅದನ್ನು ಸೂಚಿಸಿದ್ದು ಬೆಲ್ ಲ್ಯಾಬ್ಸ್‌ನವರೇ ಆದ ಬ್ರಯಾನ್ ಕರ್ನಿಹ್ಯಾನ್. 'ಮಲ್ಟಿ' ಅಂದರೆ ಹಲವು, 'ಯೂನಿ' ಅಂದರೆ ಒಂದು: ಮಲ್ಟಿಕ್ಸ್ ಹತ್ತಾರು ಕೆಲಸಕ್ಕೆ ಕೈಹಾಕಿದರೆ ನಮ್ಮದು ಒಂದನ್ನು ಮಾಡುತ್ತದೆ ಎಂಬ ಚುಚ್ಚು. ಮೊದಲು 'ಯುಎನ್‌ಐಸಿಎಸ್' ಎಂಬ ಕಾಗುಣಿತವೂ ಇತ್ತು. ಕೊನೆಯ ಸಿಎಸ್ ಹೋಗಿ ಎಕ್ಸ್ ಬಂತು. ಉಚ್ಚಾರ ಎರಡಕ್ಕೂ ಒಂದೇ ತಾನೆ? ಬದಲಾಯಿಸಿದ್ದು ಯಾರೆಂದು ಅಲ್ಲಿದ್ದವರಿಗೇ ನೆನಪಿಲ್ಲವಂತೆ.

ಅಂದಹಾಗೆ, ಯೂನಿಕ್ಸನ್ನು 'ಸಿ' ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮತ್ತೆ ಬರೆದದ್ದು 1973ರಲ್ಲಿ. ಸಿ ಮೊದಲು, ಯೂನಿಕ್ಸ್ ಆಮೇಲೆ ಅಂತ ಹೇಳುವವರಿದ್ದಾರೆ, ನಂಬಬೇಡಿ.